ಎಂಜಿನ್ನಿಗೆ ಬಲೆ: ನಾನು ಹಂಚಿದ್ದು ತಪ್ಪು

ಮೊನ್ನೆ ಕಾರವಾರದ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನು ಹಾಕಿದ್ದ ಸಂದೇಶ ಅಂಕೋಲಾ, ಶಿರಸಿ ಸುತ್ತಿ ಈಗ ನನಗೇ ಮರಳಿ ಬಂದಿದೆ. ‘ಒಂದು ಹದ್ದು ಎಂಜಿನ್ನಿಗೆ ಸಿಕ್ಕರೆ ವಿಮಾನ ಬಿದ್ದಂತೆಯೇ, ಕಾಸು ಉಳಿಸಲು ಕಂಪನಿಗಳು ಎಂಜಿನ್ ಮುಂದೆ ಬಲೆ ಹಾಕುವುದಿಲ್ಲ’ ಎಂದು ಅದರಲ್ಲಿತ್ತು. ಎರಡೂ ಸರಿಯಲ್ಲ.

ಹಕ್ಕಿ ಬಡಿದರೆ ಫ್ಯಾನಿನ ಅಲಗುಗಳು ಬಾಗಬಹುದು, ಮುರಿಯಬಹುದು, ಎಂಜಿನ್ ನಿಂತೂ ಹೋಗಬಹುದು. ಆದರೆ ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನವನ್ನು ಒಂದರ ಬಲದಲ್ಲೇ ಹಾರಿ ಇಳಿಯುವಂತೆ ರೂಪಿಸಿರುತ್ತಾರೆ. ಎಂಜಿನ್ ಮಾದರಿಗೆ ಪ್ರಮಾಣಪತ್ರ ಕೊಡುವ ಮುನ್ನ ಹಕ್ಕಿ ನುಗ್ಗಿದರೆ ಏನಾಗುತ್ತದೆಂದು ಪರೀಕ್ಷಿಸುವ ನಿಯಮವೂ ಇದೆ. ನಿಜವಾದ ಅಪಾಯ ಹಿಂಡು ಎರಡೂ ಎಂಜಿನ್‌ಗಳಿಗೆ ನುಗ್ಗಿದಾಗ. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹೆಬ್ಬಾತುಗಳಿಂದ ಹಾಗಾಗಿ, ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಬೇಕಾಯಿತು. ಒಳಗಿದ್ದ 155 ಮಂದಿಯೂ ಬದುಕಿದರು.

ಇನ್ನು ಬಲೆ. ಮೀನಿನ ಬಲೆ ನೋಡಿ ಬೆಳೆದ ನನಗೆ ಅದು ಸುಲಭವೆನ್ನಿಸಿತ್ತು! ವಿಮಾನ ಹಾರುವ ವೇಗದಲ್ಲಿ ಬಂದು ಬಡಿಯುವ ಹಕ್ಕಿಯನ್ನು ತಡೆಯಲು ದಪ್ಪ ಕಂಬಿಯೇ ಬೇಕು. ಅದು ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಗೆ ಅಡ್ಡಿ. ಮೇಲೆ ಮಂಜುಗಡ್ಡೆಯೂ ಕಟ್ಟುತ್ತದೆ. ಮುರಿದರೆ ಹಕ್ಕಿಯ ಜೊತೆಗೆ ಲೋಹದ ಚೂರುಗಳೂ ಎಂಜಿನ್ನಿನೊಳಗೆ.

ನನ್ನ ಸಂದೇಶವನ್ನು ಅಳಿಸಿದ್ದೇನೆ. ನಿಮ್ಮ ಮೊಬೈಲಿನಲ್ಲಿದ್ದರೆ ದಯವಿಟ್ಟು ಯಾರಿಗೂ ಕಳುಹಿಸಬೇಡಿ.