ತೈಲದ ನಾಡಿನಲ್ಲಿ ಖಾಲಿ ಟ್ಯಾಂಕು

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯ ಅರ್ಥ ನನಗೆ ಪೂರ್ತಿಯಾಗಿ ಹೊಳೆದದ್ದು 2022ರ ಫೆಬ್ರವರಿಯಲ್ಲಿ, ಲಾಗೋಸ್‌ನ ಪೆಟ್ರೋಲ್ ಬಂಕೊಂದರ ಮುಂದೆ ನಾಲ್ಕು ಗಂಟೆ ಕಾದಾಗ. 1956ರಲ್ಲೇ ತೈಲ ಕಂಡ ನೈಜೀರಿಯಾ ಕಚ್ಚಾ ತೈಲವನ್ನು ಹಡಗಿಗೆ ತುಂಬಿ ಕಳುಹಿಸಿ, ಪೆಟ್ರೋಲನ್ನು ಹೊರಗಿನಿಂದ ಕೊಂಡು ತರುತ್ತಿತ್ತು. ಏಕೆಂದರೆ ಪೋರ್ಟ್ ಹಾರ್ಕೋರ್ಟ್, ವಾರಿ, ಕಡೂನಾಗಳಲ್ಲಿದ್ದ, ದಿನಕ್ಕೆ ಒಟ್ಟು 4,45,000 ಬ್ಯಾರೆಲ್ ಸಂಸ್ಕರಿಸಬಲ್ಲ ಸರ್ಕಾರಿ ತೈಲ ಶುದ್ಧೀಕರಣ ಘಟಕಗಳು ದುರಸ್ತಿಯ ಹೆಸರಿನಲ್ಲಿ ಮಲಗಿದ್ದವು. ಆ ತಿಂಗಳು ಆಮದಾದ ಪೆಟ್ರೋಲಿನಲ್ಲಿ ಮೆಥನಾಲ್ ಮಿತಿಮೀರಿದೆಯೆಂದು ಹಿಂತೆಗೆದುಕೊಂಡದ್ದೇ ತಡ, ಊರಿಡೀ ವಾಹನಗಳ ಸಾಲು. ಸಬ್ಸಿಡಿಯಿಂದ ಅಗ್ಗವಾದ ಇಂಧನ ಗಡಿ ದಾಟಿ ಬೆನಿನ್‌ಗೆ ಕಳ್ಳಸಾಗಣೆಯಾಗುತ್ತಿದ್ದುದಂತೂ ಹಳೆಯ ಕಥೆ.

ನನ್ನ ಸರದಿ ಬಂದಾಗ ಬಂಕಿನ ಹುಡುಗ ಪೈಪನ್ನು ಕೊಕ್ಕೆಗೆ ಸಿಕ್ಕಿಸಿ, ಮುಗಿಯಿತೆಂದು ಕೈಯಾಡಿಸಿದ. ಹತ್ತೇ ಹೆಜ್ಜೆ ಆಚೆ ಹಳದಿ ಕ್ಯಾನು ಹಿಡಿದವನೊಬ್ಬ ದುಪ್ಪಟ್ಟು ಬೆಲೆಗೆ ಪೆಟ್ರೋಲು ಮಾರುತ್ತಿದ್ದ. ಎಲ್ಲಿಂದ ತಂದೆಯೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕರೆಂಟನ್ನು ನಂಬಲಾಗದ ಆ ಊರಿನಲ್ಲಿ ಮನೆಯ ಫ್ರಿಜ್ಜೂ ಜನರೇಟರಿನಿಂದಲೇ ನಡೆಯಬೇಕಾದ್ದರಿಂದ, ಮನಸ್ಸಿನಲ್ಲೇ ಬೈದುಕೊಂಡು ಐದು ಲೀಟರ್ ಕೊಂಡೆ. 2023ರ ಮೇ 29ರಂದು ಅಧ್ಯಕ್ಷ ಟಿನುಬು ಸಬ್ಸಿಡಿ ಮುಗಿಯಿತೆಂದು ಘೋಷಿಸಿದರು, ಬೆಲೆ ದುಪ್ಪಟ್ಟಿಗೂ ಮೀರಿ ಏರಿತು. ಆದರೂ 2024ರಲ್ಲಿ ಅದೇ ಸಾಲು ಮತ್ತೆ ಬೆಳೆಯಿತು.