ಪಾಸ್ಟರ್‌ಗೆ ಶುಗರ್ ಇದೆ ಅನ್ನೋದು ಸಭೆಗೆ ಗೊತ್ತಿರಲಿ

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಲೆಂಟ್ ಹತ್ತಿರ ಬಂತೆಂದರೆ ಉಪವಾಸ ಕೂಟಗಳ ಪೋಸ್ಟರ್‌ಗಳು ವಾಟ್ಸಾಪಿನಲ್ಲಿ ಓಡಾಡಲು ಶುರುವಾಗುತ್ತವೆ. ಮೂರು ದಿನ, ಏಳು ದಿನ, ಇಪ್ಪತ್ತೊಂದು ದಿನ, ನಲವತ್ತು ದಿನ. ಪೋಸ್ಟರಿನಲ್ಲಿ ಕೈಮುಗಿದು ನಿಂತಿರುವ ಪಾಸ್ಟರ್ ಬೆಳಿಗ್ಗೆ ಶುಗರ್‌ನ ಗ್ಲಿಮೆಪಿರೈಡ್ ಮಾತ್ರೆ ನುಂಗುವವರೋ, ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರೋ ಅನ್ನೋದು ಹೆಚ್ಚೆಂದರೆ ಅವರ ಮನೆಯವರಿಗೆ ಗೊತ್ತಿರುತ್ತದೆ. ಕಾರ್ಯದರ್ಶಿಗೆ ಗೊತ್ತಿಲ್ಲ, ಹಿರಿಯರಿಗೆ ಗೊತ್ತಿಲ್ಲ, ಪಕ್ಕದಲ್ಲಿ ಕೀಬೋರ್ಡ್ ನುಡಿಸುವ ಹುಡುಗನಿಗಂತೂ ಗೊತ್ತೇ ಇಲ್ಲ. ಸೇವೆಯಲ್ಲಿರುವವರನ್ನು ಬೇಗ ಮಲಗಿಸುತ್ತಿರುವುದು ಈ ಗುಟ್ಟೇ ಎಂದು ನನಗನ್ನಿಸುತ್ತದೆ. ಶುಗರ್‌ಗೆ ಔಷಧ ಇದೆ. ಮುಚ್ಚಿಟ್ಟ ಶುಗರ್‌ಗೆ ವೇಳಾಪಟ್ಟಿಯಲ್ಲಿ ಜಾಗವೇ ಸಿಗುವುದಿಲ್ಲ.

ಮುಚ್ಚಿಡೋದು ಯಾಕೆ ಅಂತ ಎಲ್ಲರಿಗೂ ಗೊತ್ತು. ಇನ್ನೊಬ್ಬರ ತಲೆಯ ಮೇಲೆ ಕೈಯಿಟ್ಟು ಸ್ವಸ್ಥತೆಗಾಗಿ ಪ್ರಾರ್ಥಿಸುವವರು ತಾವೇ ಮಾತ್ರೆ ನುಂಗಿದರೆ ಜನ ಏನಂದಾರು? ಪೌಲ ತನ್ನ ಶರೀರದ ಶೂಲ ತೆಗೆಯೆಂದು ಮೂರು ಸಾರಿ ಬೇಡಿದ, ಅದು ಹೋಗಲಿಲ್ಲ ಎಂದು ಪ್ರಸಂಗದಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿದ್ದನೆಂದು ಮಿಲೇತದಲ್ಲಿ ಬಿಟ್ಟು ಬಂದದ್ದನ್ನು (2 ತಿಮೊಥೆಯ 4:20) ಯಾರೂ ಎತ್ತುವುದಿಲ್ಲ. ಅವನ ವಿಶ್ವಾಸ ಸಾಲಲಿಲ್ಲ ಎಂಬ ಮಾತು ಅಲ್ಲಿಲ್ಲ. ಇನ್ನು ಫಿಲಿಪ್ಪಿ ಸಭೆಯವರು ಪೌಲನ ನೆರವಿಗೆ ಕಳಿಸಿದ್ದ ಎಪಫ್ರೊದೀತ. ಅವನು ಸಾಯುವಷ್ಟು ಕಾಯಿಲೆ ಬಿದ್ದಿದ್ದ. ತಾನು ಕಾಯಿಲೆ ಬಿದ್ದ ಸುದ್ದಿ ಊರಿನ ಸಭೆಗೆ ಮುಟ್ಟಿತಲ್ಲ ಎಂದು ಅವನಿಗೆ ಸಂಕಟ (ಫಿಲಿಪ್ಪಿ 2:26). ನಮ್ಮ ಪಾಸ್ಟರುಗಳದ್ದೂ ಇದೇ ಸಂಕಟ. ಪೌಲ ಮಾಡಿದ್ದೇನು? ಇಡೀ ಸಭೆಗೆ ಬರೆದ ಪತ್ರದಲ್ಲೇ ಆ ಕಾಯಿಲೆಯ ವಿಷಯ ಬರೆದ, ಇಂಥವರನ್ನು ಗೌರವಿಸಿ ಎಂದೂ ಸೇರಿಸಿದ.

ಈಗ ಉಪವಾಸ. ಶುಗರ್ ಇರುವವರೆಲ್ಲ ಉಪವಾಸ ಮಾಡಲೇಬಾರದು ಎಂದು ನಾನು ಹೇಳುವುದಿಲ್ಲ. ಯಾವ ಮಾತ್ರೆ ತಗೊಳ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಬರೀ ಮೆಟ್‌ಫಾರ್ಮಿನ್ ಮೇಲಿರುವವರಿಗೆ ಒಂದು ಹೊತ್ತು ಊಟ ಬಿಟ್ಟರೆ ಶುಗರ್ ಕುಸಿಯುವ ಸಾಧ್ಯತೆ ಕಡಿಮೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಹಾಗಲ್ಲ. ನೀವು ತಿಂದಿರೋ ಇಲ್ಲವೋ ಎಂದು ಅವು ನೋಡುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಆಗುವ ಎಡವಟ್ಟು ಸಾಮಾನ್ಯವಾಗಿ ಹೀಗೆ: ಬೆಳಿಗ್ಗೆ ಆರಕ್ಕೆ ಅಭ್ಯಾಸಬಲದಿಂದ ಮಾತ್ರೆ ನುಂಗಿರುತ್ತಾರೆ, ತಿಂಡಿ ಮಾತ್ರ ಬಿಟ್ಟಿರುತ್ತಾರೆ. ಹತ್ತೂವರೆ, ಹನ್ನೊಂದಕ್ಕೆ ಮೈ ಬೆವರುತ್ತದೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಮಾತ್ರೆಗಳ ಕಥೆ ಬೇರೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಎರಡು ಮೂರು ದಿನ ಬರೀ ನೀರು ಕುಡಿದು ಕೂತರೆ ದೇಹ ಕೊಬ್ಬು ಕರಗಿಸತೊಡಗಿ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು. ಮೋಸ ಏನೆಂದರೆ, ಆಗ ಗ್ಲೂಕೋಮೀಟರ್ 180, 200 ಅಂತ ಸಾಧಾರಣ ಸಂಖ್ಯೆಯನ್ನೇ ತೋರಿಸಬಹುದು. ವಾಕರಿಕೆ, ಹೊಟ್ಟೆನೋವು, ಏದುಸಿರು ಕಂಡರೆ ಅದನ್ನು ಉಪವಾಸದ ಸುಸ್ತು ಎಂದು ತಳ್ಳಿಹಾಕದೆ ಆಸ್ಪತ್ರೆಗೆ ಹೋಗಬೇಕು, ಈ ಮಾತ್ರೆಯ ಹೆಸರು ಹೇಳಬೇಕು. ಗೊತ್ತುಮಾಡಿಕೊಂಡ ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ಈ ಮಾತ್ರೆ ನಿಲ್ಲಿಸುತ್ತಾರೆ. ದೀರ್ಘ ಉಪವಾಸಕ್ಕೂ ಅಪಾಯ ಅದೇ.

ಈ ವಿಷಯದಲ್ಲಿ ಮುಸ್ಲಿಮರಿಂದ ಕಲಿಯುವುದಿದೆ. ರಂಜಾನ್ ಉಪವಾಸಕ್ಕೆಂದೇ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತೊಂದು ಸಂಸ್ಥೆಯ ಜೊತೆ ಸೇರಿ ವೈದ್ಯರಿಗೆ ಮಾರ್ಗಸೂಚಿ ಹೊರಡಿಸಿದೆ, 2021ರಲ್ಲಿ ಅದನ್ನು ಪರಿಷ್ಕರಿಸಿದೆ. ಉಪವಾಸಕ್ಕೆ 6ರಿಂದ 8 ವಾರ ಮೊದಲೇ ವೈದ್ಯರನ್ನು ಕಾಣಿ, ಮಾತ್ರೆಯ ಹೊತ್ತು ಬದಲಿಸಿಕೊಳ್ಳಿ, ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ, ಶುಗರ್ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ತಕ್ಷಣ ಉಪವಾಸ ಬಿಡಿ ಅನ್ನುತ್ತದೆ. ಕಳೆದ 3 ತಿಂಗಳಲ್ಲಿ ಶುಗರ್ ತೀರಾ ಕುಸಿದು ಬಿದ್ದವರು, ಡಯಾಲಿಸಿಸ್‌ನಲ್ಲಿರುವವರು ಮಾಡಲೇಬಾರದು ಎನ್ನುತ್ತದೆ. ನಮ್ಮಲ್ಲಿ ಉಪವಾಸಕ್ಕೆ ಅಂಥ ಗೊತ್ತಾದ ಹೊತ್ತೇ ಇಲ್ಲ. ಒಬ್ಬರು ಮಧ್ಯಾಹ್ನದವರೆಗೆ, ಇನ್ನೊಬ್ಬರು ಸಂಜೆಯವರೆಗೆ, ಮತ್ತೊಬ್ಬರು ಹಣ್ಣು ಎಳನೀರಿನಲ್ಲಿ. (ಬರೀ ಬಾಳೆಹಣ್ಣು, ದ್ರಾಕ್ಷಿ, ಎಳನೀರಿನ ಉಪವಾಸದಲ್ಲಿ ಶುಗರ್ ಇಳಿಯುವ ಬದಲು ಏರುತ್ತದೆ.) ಶನಿವಾರ ರಾತ್ರಿ ಮನಸ್ಸಿಗೆ ಬಂದು ಸೋಮವಾರ ಶುರು ಮಾಡುವ ಉಪವಾಸಕ್ಕೆ ಯಾವ ಡಾಕ್ಟರೂ ಮಾತ್ರೆ ಹೊಂದಿಸಿಕೊಡಲಾರರು. ಕೂಟದ ತಾರೀಖನ್ನು ಎರಡು ತಿಂಗಳು ಮೊದಲೇ ನಿಗದಿ ಮಾಡಿದರೆ ಅರ್ಧ ಕೆಲಸ ಆದಂತೆ.

ಲೆಂಟ್ ವರ್ಷಕ್ಕೊಮ್ಮೆ. ಭಾನುವಾರ ವಾರವಾರವೂ ಬರುತ್ತದೆ. ಎಂಟಕ್ಕೊಂದು ಆರಾಧನೆ, ಹತ್ತಕ್ಕೆ ಇನ್ನೊಂದು, ಅದು ಮುಗಿದ ಮೇಲೆ ಒಬ್ಬೊಬ್ಬರಿಗೂ ಪ್ರಾರ್ಥನೆ, ಆಮೇಲೆ ಬೈಕ್ ಹತ್ತಿ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದ ಶಾಖಾಸಭೆ, ಅಲ್ಲಿ ಊಟಕ್ಕೆ ಕೂರುವಾಗ ಮೂರೂವರೆ. 30/70 ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ನೇರವಾಗಿ ಅಪಾಯದ ದಿನ. ಅದರಲ್ಲಿ 30 ಭಾಗ ತಿಂಡಿಯ ಹೊತ್ತಿಗೆ ಕೆಲಸ ಮಾಡುತ್ತದೆ, ಉಳಿದ 70 ಭಾಗ ಮಧ್ಯಾಹ್ನದ ಊಟವನ್ನು ಲೆಕ್ಕದಲ್ಲಿಟ್ಟುಕೊಂಡೇ ಏರುತ್ತದೆ. ಬೆಳಿಗ್ಗೆ ಏಳಕ್ಕೆ ಚುಚ್ಚಿಕೊಂಡವರಿಗೆ ಒಂದು ಗಂಟೆಯ ಸುಮಾರಿಗೆ ಊಟ ಬೇಕೇ ಬೇಕು. ಆಗುವುದಿಲ್ಲವೆಂದರೆ ಎರಡನೇ ಆರಾಧನೆ ಮುಗಿದ ಕೂಡಲೇ ವೆಸ್ಟ್ರಿಯಲ್ಲಿ (ಪಾಸ್ಟರ್ ನಿಲುವಂಗಿ ಹಾಕಿಕೊಳ್ಳುವ ಕೋಣೆಯಲ್ಲಿ) ಎರಡು ಇಡ್ಲಿಯೋ ಒಂದು ಚಪಾತಿಯೋ ತಿಂದು ಹೊರಡಬೇಕು. ಪ್ರತಿ ಭಾನುವಾರವೂ ಊಟ ತಡವೇ ಆಗುವುದಾದರೆ ಡಾಕ್ಟರಿಗೆ ಹಾಗೆಂದೇ ಹೇಳಿ. ಭಾನುವಾರಕ್ಕೆ ಬೇರೆ ಲೆಕ್ಕ ಬರೆದುಕೊಡಬಲ್ಲರು. ಬಹಳಷ್ಟು ಜನ ಡಾಕ್ಟರ್ ಮುಂದೆ "ಊಟ ಹೊತ್ತುಹೊತ್ತಿಗೆ ಮಾಡ್ತೀನಿ ಸರ್" ಅಂದು ಬಂದಿರುತ್ತಾರೆ.

ವೇದಿಕೆಯ ಮೇಲೆ ಶುಗರ್ ಕುಸಿದರೆ ಹೇಗೆ ಕಾಣುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಣೆ, ಕುತ್ತಿಗೆ ಬೆವರುತ್ತದೆ. ಕೈ ನಡುಗುತ್ತದೆ. ಹೇಳಿದ ವಾಕ್ಯವನ್ನೇ ಮತ್ತೆ ಹೇಳುತ್ತಾರೆ, ಪುಟ ತಿರುವುತ್ತಾರೆ, ಅಧ್ಯಾಯ ಸಿಗುವುದಿಲ್ಲ. ದನಿ ಏರುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ನಾಲಿಗೆ ತೊದಲುತ್ತದೆ. ಆತ್ಮಾಭಿಷೇಕದ ನಿರೀಕ್ಷೆಯಲ್ಲಿ ಕೂತಿರುವ ಸಭೆಗೆ ಇದೆಲ್ಲ ಬೇರೆಯೇ ಅರ್ಥ ಕೊಟ್ಟೀತು! ಜನ ಜೋರಾಗಿ ಹಲ್ಲೆಲೂಯ ಅನ್ನುತ್ತಾರೆ, ಪಾಸ್ಟರ್ ಶುಗರ್ 50ರ ಕಡೆಗೆ ಜಾರುತ್ತಿರುತ್ತದೆ. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಎದೆಬಡಿತ, ನಡುಕ ಗೊತ್ತಾಗದೇ ಹೋಗಬಹುದು, ಬೆವರೊಂದೇ ಉಳಿಯುವ ಸೂಚನೆ.

ಅದಕ್ಕೇ ಪ್ರಸಂಗಪೀಠದ ಒಳಗಿನ ಕಪಾಟಿನಲ್ಲಿ ಗ್ಲೂಕೋಸ್ ಪುಡಿ, ಒಂದು ಚಮಚ, ಅರ್ಧ ಲೀಟರ್ ನೀರಿನ ಬಾಟಲಿ ಇರಲೇಬೇಕು. ಬೇಕಾದದ್ದು 15 ಗ್ರಾಂ ಗ್ಲೂಕೋಸ್. ಅಂದರೆ ತುಂಬಿದ ಮೂರು ಟೀ ಚಮಚ, ಅರ್ಧ ಲೋಟ ನೀರಿನಲ್ಲಿ. ಕುಡಿದು ಕೂತುಕೊಳ್ಳಬೇಕು, 15 ನಿಮಿಷ ಬಿಟ್ಟು ನೋಡಬೇಕು, ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೆ ಅಷ್ಟೇ. ಸರಿಹೋದ ಮೇಲೆ ಬಿಸ್ಕತ್ತೋ ತಿಂಡಿಯೋ ತಿನ್ನಬೇಕು, ಇಲ್ಲವಾದರೆ ಮತ್ತೆ ಇಳಿಯುತ್ತದೆ. ಚಾಕೊಲೇಟ್, ಕೇಕ್ ಬೇಡ, ಅದರಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಇನ್ನೊಂದು ವಿಷಯ ಮೆಡಿಕಲ್ ಶಾಪಿನವರೂ ಹೇಳುವುದು ಕಡಿಮೆ: ನಿಮ್ಮ ಮಾತ್ರೆಯ ಪಟ್ಟಿಯ ಮೇಲೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂದಿದ್ದರೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಬೇಕು. ಸಕ್ಕರೆಯನ್ನು ಕರುಳಿನಲ್ಲಿ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಮೂರು ಔಷಧ ಒಂದರಲ್ಲೇ ಇರುವ ಮಾತ್ರೆಗಳಲ್ಲಿ ಇದು ಸೇರಿರುವುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬೇಡಿ. ನೀರೂ ಬೇಡ, ಪ್ರಾರ್ಥಿಸಿದ ಎಣ್ಣೆಯೂ ಬೇಡ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ, ಆಮೇಲೆ ಸುತ್ತ ನಿಂತು ಪ್ರಾರ್ಥಿಸಿ.

ಮನೆ ಭೇಟಿಗೆ ಬರೋಣ. ಸಂಜೆ ಎಂಟು ಮನೆ, ಪ್ರತಿ ಮನೆಯಲ್ಲೂ ಎರಡು ಚಮಚ ಸಕ್ಕರೆಯ ಟೀ ಎಂದರೆ ಹದಿನಾರು ಚಮಚ, 60 ಗ್ರಾಂ ದಾಟುತ್ತದೆ. ಕ್ರಿಸ್‌ಮಸ್ ಕ್ಯಾರಲ್ ರಾತ್ರಿಗಳಲ್ಲಿ ಇದರ ಮೇಲೆ ಕೇಕ್, ಕಜ್ಜಾಯ, ಕಲ್‌ಕಲ್, ಕರ್ಜಿಕಾಯಿ. ಬೇಡ ಅಂದುಬಿಡಿ ಎಂದು ಡಾಕ್ಟರ್ ಸುಲಭವಾಗಿ ಹೇಳುತ್ತಾರೆ. ಆದರೆ ನಮ್ಮ ಎಷ್ಟೋ ಸಭೆಗಳು ದಲಿತ ಕೇರಿಗಳ ಸಭೆಗಳು. ಮನೆಗೆ ಬಂದವರು ಏನೂ ಮುಟ್ಟದೆ ಎದ್ದು ಹೋಗುವುದಕ್ಕೆ ಅಲ್ಲಿ ತಲೆಮಾರುಗಳ ಅರ್ಥವಿದೆ. "ಅಯ್ಯನವರು ನಮ್ಮನೇಲಿ ನೀರೂ ಕುಡೀಲಿಲ್ಲ" ಎಂಬ ಮಾತು ಹುಟ್ಟಿದರೆ ಅದು ಟೀಯ ವಿಷಯವಾಗಿ ಉಳಿಯುವುದಿಲ್ಲ. ಕಾಯಿಲೆ ಮುಚ್ಚಿಟ್ಟವರಿಗೆ ಇಲ್ಲಿ ಎರಡೇ ದಾರಿ: ಕುಡಿದು ಶುಗರ್ ಏರಿಸಿಕೊಳ್ಳುವುದು, ಇಲ್ಲವೇ ಆ ಮನೆಯವರ ಮನಸ್ಸು ನೋಯಿಸುವುದು. "ಅಕ್ಕಾ, ನಂಗೆ ಶುಗರ್ ಐತೆ, ಸಕ್ಕರೆ ಹಾಕದೆ ಮಜ್ಜಿಗೆ ಕೊಡಿ" ಎಂದು ಬಾಯಿಬಿಟ್ಟು ಕೇಳುವವರಿಗೆ ಮೂರನೇ ದಾರಿ ತೆರೆಯುತ್ತದೆ. ಮಜ್ಜಿಗೆ ಇಲ್ಲದಿದ್ದರೆ ನೀರು. ಕೊಟ್ಟದ್ದನ್ನು ಅವರೆದುರೇ ಕುಡಿಯಬೇಕು. ಎರಡು ತಿಂಗಳಲ್ಲಿ ಕೇರಿಗೆಲ್ಲ ಗೊತ್ತಾಗಿ, ಕೇಳದೆಯೇ ಮಜ್ಜಿಗೆ ಬರುತ್ತದೆ.

ಕಾಲಿನ ವಿಷಯ. ಹಳ್ಳಿಯ ಚರ್ಚುಗಳಲ್ಲಿ ಚಪ್ಪಲಿ ಬಾಗಿಲಾಚೆ. ಹಲವು ವರ್ಷ ಶುಗರ್ ಇದ್ದವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರುತ್ತದೆ. ಬೇಸಿಗೆಯ ಸಿಮೆಂಟ್ ಅಂಗಳ ಸುಟ್ಟರೂ, ಚಾಪೆಯ ಪಿನ್ನು ಚುಚ್ಚಿದರೂ, ಬೈಕಿನ ಸೈಲೆನ್ಸರ್ ತಾಕಿದರೂ ಗೊತ್ತಾಗುವುದಿಲ್ಲ. ಒಳಗೆ ದಪ್ಪ ಹತ್ತಿಯ ಸಾಕ್ಸ್, ಬಿಳಿಯದೇ ಇರಲಿ, ರಕ್ತವೋ ಕೀವೋ ಅಂಟಿದರೆ ಕಾಣಿಸುತ್ತದೆ. ಹೊರಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ. ರಾತ್ರಿ ಕನ್ನಡಿ ನೆಲಕ್ಕಿಟ್ಟು ಅಂಗಾಲು ನೋಡಿಕೊಳ್ಳಬೇಕು. ಪವಿತ್ರ ಗುರುವಾರ ಪಾದ ತೊಳೆಯುವ ಸಭೆಗಳಲ್ಲಿ ನೀರಿನ ಬಿಸಿಯನ್ನು ಕಾಲಿಗೆ ಮೊದಲು ಮೊಣಕೈ ನೋಡಲಿ, ತೊಳೆದ ಮೇಲೆ ಬೆರಳ ಸಂದಿ ಒರೆಸಿ.

ಭುಜವನ್ನೂ ಮರೆಯಬಾರದು. ಶುಗರ್ ಇರುವವರಲ್ಲಿ ಭುಜ ಹಿಡಿದುಕೊಳ್ಳುವುದು ಉಳಿದವರಿಗಿಂತ ಹೆಚ್ಚು. ಆಶೀರ್ವಾದಕ್ಕೆ ಎರಡೂ ಕೈ ಎತ್ತುವಾಗ ಒಂದು ಕೈ ಅರ್ಧಕ್ಕೇ ನಿಂತರೆ ಸುಮ್ಮನೆ ನೋವಿನ ಎಣ್ಣೆ ತಿಕ್ಕುತ್ತಾ ಕೂರದೆ ಫಿಸಿಯೋಥೆರಪಿಗೆ ಹೋಗಬೇಕು. ಒಂದೇ ಕೈಯೆತ್ತಿ ಹೇಳಿದ ಆಶೀರ್ವಚನವೂ ಆಶೀರ್ವಚನವೇ.

ಇನ್ಸುಲಿನ್ ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ಬಾಗಿಲಲ್ಲಿ ಇರಲಿ, ಫ್ರೀಜರ್ ಬೇಡ. ಬಳಸುತ್ತಿರುವ ಪೆನ್ನು ಬಹುತೇಕ 28 ದಿನ ಹೊರಗಿದ್ದೀತು, ಆದರೆ 30 ಡಿಗ್ರಿಯೊಳಗೆ. ರಾಯಚೂರು, ಕಲಬುರಗಿಯ ಏಪ್ರಿಲ್‌ಗೆ ಆ ಲೆಕ್ಕ ಒಗ್ಗುವುದಿಲ್ಲ. ಮಣ್ಣಿನ ಮಡಕೆಯೊಳಗೆ ಡಬ್ಬಿಯಲ್ಲಿಟ್ಟು ಮಡಕೆಯನ್ನು ಒದ್ದೆ ಮರಳಿನಲ್ಲಿ ಇಡಿ. ಬೈಕಿನ ಸೈಡ್ ಬಾಕ್ಸಿನಲ್ಲಿ ಮಾತ್ರ ಇಡಬೇಡಿ.

ದುಡ್ಡಿನ ಮಾತು ಚುಟುಕಾಗಿ. ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಕಾಣಿಕೆಯೇ ಸಂಬಳ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ, ತಿಂಗಳ ಮಾತ್ರೆ ಅದರಲ್ಲಿ ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಮಾತ್ರೆ ಉಚಿತ. ಅಲ್ಲಿ ಸಾಲಿನಲ್ಲಿ ನಿಂತರೆ ಯಾರಾದರೂ ನೋಡುತ್ತಾರೆ ಎಂಬ ಹಿಂಜರಿಕೆಯೇ ತಿಂಗಳಿಗೆ ಸಾವಿರಾರು ರೂಪಾಯಿ ತಿನ್ನುತ್ತದೆ.

ಇಷ್ಟೆಲ್ಲ ಪಾಸ್ಟರ್ ಒಬ್ಬರೇ ಹೊರುವ ಕೆಲಸವಲ್ಲ. ಲಂಡನ್ನಿನ ಪ್ರಸಿದ್ಧ ಪ್ರಸಂಗಿ ಸ್ಪರ್ಜನ್ ಹೆಸರು ನಮ್ಮ ಎಲ್ಲ ಪ್ರಸಂಗಿಗಳ ಬಾಯಲ್ಲಿದೆ. ಗೌಟ್ ಎಂಬ ಕೀಲುನೋವು, ಮೂತ್ರಪಿಂಡದ ಕಾಯಿಲೆ, ಖಿನ್ನತೆ ಎಲ್ಲವೂ ಅವರಿಗಿತ್ತು. ಚಳಿಗಾಲದಲ್ಲಿ ಫ್ರಾನ್ಸಿನ ದಕ್ಷಿಣ ತೀರದ ಮೆಂಟನ್‌ಗೆ ಹೋಗಿ ಇರುತ್ತಿದ್ದರು, 1892ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅಷ್ಟು ದೊಡ್ಡ ಸಭೆ ಅವರಿಲ್ಲದಾಗ ನಡೆದದ್ದು ಹೇಗೆ? 1868ರಲ್ಲೇ ಅವರ ತಮ್ಮ ಜೇಮ್ಸ್ ಸಹಪಾಲಕರಾಗಿದ್ದರು. ನಮ್ಮ ಸಮಿತಿಗಳೂ ತಿಂಗಳಿಗೆ ಒಂದು ಭಾನುವಾರ ಇನ್ನೊಬ್ಬರಿಗೆ ಪ್ರಸಂಗ ಕೊಟ್ಟು ರೂಢಿ ಮಾಡಿಟ್ಟರೆ, ಪಾಸ್ಟರ್ ಆಸ್ಪತ್ರೆ ಸೇರಿದ ವಾರ ಪರದಾಡುವುದು ತಪ್ಪುತ್ತದೆ.

ಸಮಿತಿ ನಾಳೆಯೇ ಮಾಡಬಹುದಾದದ್ದು ಒಂದು ಹಾಳೆ. ವೆಸ್ಟ್ರಿಯ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿ. ಅದರಲ್ಲಿ ಪಾಸ್ಟರ್ ತೆಗೆದುಕೊಳ್ಳುವ ಮಾತ್ರೆ, ಇನ್ಸುಲಿನ್ ಹೆಸರು ಮತ್ತು ಹೊತ್ತು, ಅಲರ್ಜಿ, ಡಾಕ್ಟರ ನಂಬರ್, ಮನೆಯವರ ನಂಬರ್, ಗ್ಲೂಕೋಸ್ ಎಲ್ಲಿದೆ, ಹತ್ತಿರದ 24 ಗಂಟೆಯ ಆಸ್ಪತ್ರೆ ಯಾವುದು. ಕಾರ್ಯದರ್ಶಿಯ ಜೊತೆಗೆ ಚರ್ಚ್ ನೋಡಿಕೊಳ್ಳುವ ಸೆಕ್ಸ್‌ಟನ್‌ಗೂ ಓದಿಸಿ, ಯಾಕೆಂದರೆ ಬಾಗಿಲು ತೆಗೆಯುವುದರಿಂದ ಮುಚ್ಚುವವರೆಗೆ ಇರುವವರು ಅವರೊಬ್ಬರೇ. ಡೋಸ್ ಬದಲಾದರೆ ಹಳೆಯದನ್ನು ಹೊಡೆದು ತಾರೀಖು ಹಾಕಿ ಹೊಸದು ಬರೆಯಿರಿ. ಪಾಸ್ಟರ್‌ಗೆ ವರ್ಗವಾದರೆ, ಚಾರ್ಜ್ ಒಪ್ಪಿಸುವ ದಿನ ದೀಕ್ಷಾಸ್ನಾನ, ಮದುವೆ ರಿಜಿಸ್ಟರುಗಳ ಲೆಕ್ಕ ನೋಡುವಾಗಲೇ ಆ ಹಾಳೆಯ ಪ್ರತಿಯೊಂದನ್ನು ಹೊಸ ಸಭೆಯ ಕಾರ್ಯದರ್ಶಿಗೆ ಕಳಿಸಿಬಿಡಿ.