ಈ ಕಂಬದ ಯಜಮಾನ ಯಾರು?

ಇಂದು ಸಂಜೆ ನಾಲ್ಕೂವರೆಯ ಹೊತ್ತಿಗೆ ನಮ್ಮ ಬಡಾವಣೆಯ ವೃತ್ತದ ಸಿಗ್ನಲ್ ಮತ್ತೆ ಹೊತ್ತಿಕೊಂಡಿತು. ಗುಡುಗು ಮಳೆ ಬಂದ ರಾತ್ರಿ ಆರಿದ್ದು, 11 ದಿನ ಹಾಗೆಯೇ ಇತ್ತು. ದುರಸ್ತಿಗೆ ಬಂದ ಹುಡುಗ ಕಂಬದ ಪಕ್ಕದ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆರೆದಲ್ಲಿಂದ ದೀಪ ಹೊತ್ತುವವರೆಗೆ ನಾನು ಅಲ್ಲೇ ಗಡಿಯಾರ ನೋಡುತ್ತ ನಿಂತಿದ್ದೆ. ಹಿಡಿದದ್ದು 9 ನಿಮಿಷ. ಈ 9 ನಿಮಿಷದ ಕೆಲಸಕ್ಕೆ ಒಂದಿಡೀ ಬಡಾವಣೆ 11 ದಿನ ಕಾಯಬೇಕಾಯಿತೆಂಬ ಸಂಗತಿ ತಲೆಯಿಂದ ಇಳಿಯುತ್ತಿಲ್ಲ. ಬರೆದು ಮುಗಿಸದೆ ನಿದ್ದೆ ಬರುವಂತೆಯೂ ಇಲ್ಲ.

ನನ್ನ ಕಸುಬು ಏನಾಗಿತ್ತೆಂದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗಕ್ಕೆ ಎಲೆಕ್ಟ್ರಿಷಿಯನ್ ಆಗಿ ಸೇರಿ, 31 ವರ್ಷದ ನಂತರ ಫೋರ್‌ಮನ್ ಆಗಿ ನಿವೃತ್ತನಾದೆ. ಹಾಗಾಗಿ ಪೆಟ್ಟಿಗೆ ತೆರೆದೊಡನೆ ನನ್ನ ಕಣ್ಣು ಮೊದಲು ಹೋದದ್ದು ಬಾಗಿಲಿನ ಒಳಮೈಯ ಕಡೆಗೆ. ನಮ್ಮಲ್ಲಿ ಪ್ರತಿ ಯಂತ್ರಕ್ಕೂ ಒಂದು ಹಿಸ್ಟರಿ ಕಾರ್ಡ್ ಇರುತ್ತಿತ್ತು. ಯಾವ ದಿನ ಯಾರು ಬಿಚ್ಚಿದರು, ಏನು ಕಂಡರು, ಏನು ಬದಲಿಸಿದರು, ಮುಂದಿನ ತಪಾಸಣೆ ಎಂದು, ಎಲ್ಲವನ್ನೂ ಅದರಲ್ಲಿ ಬರೆದು ಸಹಿ ಹಾಕದೆ ಯಾರೂ ಶಿಫ್ಟ್ ಮುಗಿಸಿ ಮನೆಗೆ ಹೋಗುವಂತಿರಲಿಲ್ಲ. ಸಿಗ್ನಲ್ ಪೆಟ್ಟಿಗೆಯ ಬಾಗಿಲಿನ ಒಳಗೂ ಅಂಥದ್ದೇ ಒಂದು ಪ್ಲಾಸ್ಟಿಕ್ ಜೇಬು ಇತ್ತು. ಜೇಬಿನಲ್ಲಿ ಕಾರ್ಡ್ ಇರಲಿಲ್ಲ. ಬಾಗಿಲ ಸುತ್ತಲಿನ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ತಳದಲ್ಲಿ ಕೇಬಲ್ ಒಳಗೆ ಬರುವ ತೂತನ್ನು ಮುಚ್ಚಿರಲಿಲ್ಲ, ಅದರ ಸುತ್ತ ಇರುವೆಗಳು ಮಣ್ಣು ತಂದು ಗುಡ್ಡೆ ಹಾಕಿದ್ದವು. ವೈರುಗಳನ್ನು ಜೋಡಿಸುವ ಟರ್ಮಿನಲ್ ಪಟ್ಟಿಯ ಒಂದು ತಿರುಪಿಗೆ ಹಸಿರು ಕಿಲುಬು ಹಿಡಿದಿತ್ತು, ಫ್ಯೂಸ್ ಸುಟ್ಟು ಕಪ್ಪಾಗಿತ್ತು. ಹುಡುಗ ವೈರಿನ ಹಾಳಾದ ತುದಿಯನ್ನು ಕತ್ತರಿಸಿ, ಹೊಸದಾಗಿ ಸುಲಿದು, ಇಕ್ಕಳದಲ್ಲಿ ತಿರುಚಿ, ತಿರುಪು ಬಿಗಿದು, ಫ್ಯೂಸ್ ಬದಲಿಸಿ ಸ್ವಿಚ್ ಹಾಕಿದ. ಮೊದಲು ನಾಲ್ಕೂ ಕಡೆ ಹಳದಿ ಮಿಟುಕಿತು, ಆಮೇಲೆ ನಾಲ್ಕೂ ಕಡೆ ಕೆಂಪು ಬಂತು, ಕೊನೆಗೆ ಒಂದು ದಿಕ್ಕಿಗೆ ಹಸಿರು ಬಿತ್ತು. ಕೆಟ್ಟು ನಿಂತ ಯಂತ್ರ ಮತ್ತೆ ತಿರುಗುವುದನ್ನು ನೋಡಿದಾಗ ಆಗುವ ಸಂತೋಷ ನನಗೆ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಆ ಸಂತೋಷದ ಬೆನ್ನಿಗೇ ಸಿಟ್ಟೂ ಬಂತು.

"ಏನಪ್ಪಾ, ಇಷ್ಟು ಕೆಲಸಕ್ಕೆ ಇಷ್ಟು ದಿನ ಏಕಾಯಿತು?" ಎಂದು ಕೇಳಿದೆ. "ನನಗೆ ಹೇಳಿದ್ದೇ ಇವತ್ತು ಮಧ್ಯಾಹ್ನ ಸಾರ್, ಹೇಳಿದ ತಕ್ಷಣ ಬಂದೆ" ಎಂದ. ಅವನ ಮಾತು ನನಗೆ ನಿಜವೆನಿಸಿತು. ಹಾಗಾದರೆ ಆ 11 ದಿನ ಹೋದದ್ದು ಎಲ್ಲಿ?

ಎಲ್ಲಿ ಹೋದವೆಂದು ನನಗೆ ಸ್ವಲ್ಪ ಮಟ್ಟಿಗೆ ಗೊತ್ತು, ಏಕೆಂದರೆ ಎರಡನೆಯ ದಿನದಿಂದಲೇ ನಾನು ಫೋನ್ ಮಾಡಲು ಶುರು ಮಾಡಿದ್ದೆ. ಮೊದಲ ಕಚೇರಿಯವರು, ಸಿಗ್ನಲ್ ನಮ್ಮದೇ, ಆದರೆ ಅದಕ್ಕೆ ಕರೆಂಟ್ ಬರುತ್ತಿಲ್ಲ, ಬೇರೆಯವರನ್ನು ಕೇಳಿ ಎಂದರು. ಎರಡನೆಯ ಕಚೇರಿಯವರು ಜನ ಕಳುಹಿಸಿ ನೋಡಿಸಿ, ಮೀಟರಿನವರೆಗೆ ಕರೆಂಟ್ ಸರಿಯಾಗಿದೆ, ಅಲ್ಲಿಂದಾಚೆ ನಮ್ಮ ಕೆಲಸವಲ್ಲ ಎಂದರು. ಮೂರನೆಯ ಕಚೇರಿಯವರು, ರಸ್ತೆ ಮತ್ತು ಫುಟ್‌ಪಾತ್ ನಮ್ಮವು, ಅದರ ಮೇಲೆ ನೆಟ್ಟ ಸಿಗ್ನಲ್ ನಮ್ಮದಲ್ಲ ಎಂದರು. ಕೊನೆಗೆ ಸಿಕ್ಕ ಗುತ್ತಿಗೆದಾರರ ಕಡೆಯವರು, ನಮಗೆ ಲಿಖಿತ ಆದೇಶ ಬಂದ ಮೇಲಷ್ಟೇ ಪೆಟ್ಟಿಗೆ ಮುಟ್ಟಬಹುದು ಎಂದರು. ಎಲ್ಲರೂ ಮರ್ಯಾದೆಯಿಂದಲೇ ಮಾತನಾಡಿದರು. ಯಾರೂ ಸುಳ್ಳು ಹೇಳಲಿಲ್ಲ, ಪ್ರತಿಯೊಬ್ಬರೂ ತಮ್ಮ ಗಡಿಯನ್ನು ಸರಿಯಾಗಿಯೇ ಹೇಳಿದರು. ಎಲ್ಲರ ಗಡಿಗಳೂ ಮುಗಿದ ಮೇಲೆ ಉಳಿಯುವ ಅಂಗೈ ಅಗಲದ ಜಾಗದಲ್ಲಿ ಆ ಕಿಲುಬು ಹಿಡಿದ ತಿರುಪು ಇತ್ತು.

ನಮ್ಮ ಬೆಂಗಳೂರಿನಲ್ಲಿ ಒಂದು ಸಿಗ್ನಲ್ ಹೊತ್ತಿ ಉರಿಯಲು ಎಷ್ಟು ಜನರ ಕೈ ಬೇಕೆಂದು ಗಮನಿಸಿ. ಸಿಗ್ನಲ್ ನಡೆಸುವವರು ಸಂಚಾರ ಪೊಲೀಸರು. ವಿದ್ಯುತ್ ಕೊಡುವುದು ಬೆಸ್ಕಾಂ. ರಸ್ತೆ ಪಾಲಿಕೆಯದು, ಹೆದ್ದಾರಿಯಾದರೆ ಅದಕ್ಕೆ ಇನ್ನೊಂದು ಪ್ರಾಧಿಕಾರ. ದೀಪಗಳನ್ನು ಅಳವಡಿಸಿ ವರ್ಷಗಟ್ಟಲೆ ನೋಡಿಕೊಳ್ಳುವ ಕೆಲಸ ಟೆಂಡರ್ ಪಡೆದ ಸಂಸ್ಥೆಯದು. ರಸ್ತೆಯ ಅಡಿಯಲ್ಲಿ ನೀರಿನ ಕೊಳವೆ, ಒಳಚರಂಡಿ, ಗ್ಯಾಸ್ ಪೈಪು, ಇಂಟರ್‌ನೆಟ್ ಕೇಬಲ್ಲು ಇವೆ. ಇವುಗಳಿಗಾಗಿ ಯಾರೇ ಅಗೆದರೂ ಸಿಗ್ನಲ್ಲಿನ ಕೇಬಲ್ಲಿಗೆ ಏಟು ಬೀಳುವ ಸಾಧ್ಯತೆ ಇದ್ದೇ ಇದೆ. ಇದರ ಮೇಲೆ, 2007ರಿಂದ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಆಡಳಿತ ಜನರ ಹತ್ತಿರಕ್ಕೆ ಬರಲೆಂದು ಮಾಡಿದ ಏರ್ಪಾಡು ಇದು, ಒಳ್ಳೆಯದೇ. ಆದರೆ ಪಾಲಿಕೆಯ ಗಡಿ ರಸ್ತೆಯ ಉದ್ದಕ್ಕೂ ಹಾದು ಹೋಗುವ ಕಡೆ, ವೃತ್ತದ ಈ ಬದಿ ಒಂದು ಪಾಲಿಕೆಗೂ ಆ ಬದಿ ಇನ್ನೊಂದಕ್ಕೂ ಸೇರಿದರೆ, ಫೋನ್ ಮಾಡಬೇಕಾದ ಕಚೇರಿಗಳ ಪಟ್ಟಿಗೆ ಮತ್ತೊಂದು ಹೆಸರು ಸೇರುತ್ತದೆ. ಇಷ್ಟು ಕೈಗಳ ನಡುವೆ ಸಿಗ್ನಲ್ಲಿಗೆ ಒಬ್ಬ ಯಜಮಾನ ಬೇಕು, ಅವನ ಹೆಸರು ಕಂಬದ ಮೇಲೆ ಇರಬೇಕು ಎಂಬುದಷ್ಟೇ ನನ್ನ ಮಾತು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

"ಸಿಗ್ನಲ್ ಇಲ್ಲದಿದ್ದಾಗಲೇ ಗಾಡಿಗಳು ಸಲೀಸಾಗಿ ಹೋಗುತ್ತವೆ, ಬಿಡಿ" ಎಂದು ನಮ್ಮ ಬೀದಿಯ ಹಿರಿಯರೊಬ್ಬರು ಹೇಳಿದರು. ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಹೇಳಿಯೂ ಇರುತ್ತೀರಿ. ಕೆಲವು ಸಣ್ಣ ವೃತ್ತಗಳಲ್ಲಿ, ಕೆಲವು ಹೊತ್ತಿನಲ್ಲಿ ಅದು ನಿಜವಿರಬಹುದು. ರಾತ್ರಿ ಓಡಾಟ ಕಡಿಮೆಯಾದ ಮೇಲೆ ಹಳದಿ ದೀಪ ಮಿಟುಕುವಂತೆ ಬಿಡುವುದೂ ಅದಕ್ಕಾಗಿಯೇ. ಆದರೆ ಸಲೀಸಾಗಿ ಹೋದವರು ಯಾರು? ಗಾಡಿಯೊಳಗೆ ಕುಳಿತವರು. ಆರನೆಯ ದಿನ ಬೆಳಿಗ್ಗೆ ಹೂ ಮಾರುವ ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ದೇವಸ್ಥಾನದ ಕಡೆಗೆ ದಾಟಲು ನಿಂತಿದ್ದರು. ಒಂದು ಹೆಜ್ಜೆ ಇಟ್ಟು ಹಿಂದೆ ಬರುವುದು, ಮತ್ತೊಂದು ಹೆಜ್ಜೆ ಇಟ್ಟು ಮತ್ತೆ ಹಿಂದೆ ಬರುವುದು, ಹೀಗೆ ನಾಲ್ಕು ಸಲ ಆಯಿತು. ಐದನೆಯ ಸಲ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಜಾರಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದ ಕ್ಷಣದಲ್ಲಿ ಒಂದು ಬೈಕು ಅವರ ಮೊಣಕೈ ಸವರಿಕೊಂಡು ಹೋಯಿತು. "ದೀಪ ಇದ್ದಿದ್ರೆ ಇಷ್ಟು ಹೊತ್ತಿಗೆ ಒಂದು ಮಾರು ಕಟ್ಟಿರ್ತಿದ್ದೆ ಅಣ್ಣಾ" ಎಂದರು, ನಾನು ಕೈ ಅಡ್ಡ ಹಿಡಿದು ದಾಟಿಸಿದ ಮೇಲೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಡೆದು ದಾಟುವವರ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿದು ಸಿಗ್ನಲ್ಲಿನ ಸಮಯ ಗೊತ್ತುಮಾಡುವುದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಗಳ ಕ್ರಮ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡ್ ಬೇಕು. ಮಂಡಿನೋವಿನ ಅಮ್ಮ ಬುಟ್ಟಿ ಹೊತ್ತು ಸೆಕೆಂಡಿಗೆ 0.8 ಮೀಟರ್ ನಡೆದರೆ 30 ಸೆಕೆಂಡ್ ಬೇಕು. ದೀಪ ಆರಿದ ವೃತ್ತದಲ್ಲಿ ಅವರಿಗೆ ಇಷ್ಟು ಹೊತ್ತು ಬಿಟ್ಟುಕೊಡುವವರು ಯಾರು? ಬೆಳಿಗ್ಗೆ ಮತ್ತು ಸಂಜೆ ಒಬ್ಬ ಪೊಲೀಸ್ ಪೇದೆ ಮಳೆಯಲ್ಲಿ ನೆನೆಯುತ್ತ ಕೈ ತೋರಿಸುತ್ತಿದ್ದರು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಕೋಟಿಗೂ ಹೆಚ್ಚು ವಾಹನಗಳು ನೋಂದಣಿಯಾಗಿರುವ ನಗರದಲ್ಲಿ ಆರಿಹೋದ ಪ್ರತಿ ದೀಪದ ಕೆಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಸಾಧ್ಯವೇ ಇಲ್ಲ. ಹಾಗೆ ನಿಲ್ಲಿಸಿದರೆ, 9 ನಿಮಿಷದ ದುರಸ್ತಿ ಮಾಡದೆ ಆ ಮನುಷ್ಯನ 11 ದಿನದ ದುಡಿಮೆಯನ್ನು ಕಳೆದಂತಾಗುತ್ತದೆ.

ಹೊಸ ತಂತ್ರಜ್ಞಾನ ಬರುತ್ತಿದೆಯಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಬರುತ್ತಿದೆ, ನನಗೂ ಹೆಮ್ಮೆಯಿದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಹೊಂದಾಣಿಕೆಯ ಸಿಗ್ನಲ್ ವ್ಯವಸ್ಥೆಯನ್ನು ನಗರದ 165 ವೃತ್ತಗಳಿಗೆ ತರುವ ಯೋಜನೆಯಲ್ಲಿ ಕ್ಯಾಮೆರಾಗಳು ಯಾವ ದಿಕ್ಕಿನಲ್ಲಿ ಎಷ್ಟು ಗಾಡಿಗಳು ನಿಂತಿವೆ ಎಂದು ನೋಡುತ್ತವೆ, ಅದಕ್ಕೆ ತಕ್ಕಂತೆ ಹಸಿರಿನ ಅವಧಿ ಹಿಗ್ಗುತ್ತದೆ, ಕುಗ್ಗುತ್ತದೆ. ಖಾಲಿ ರಸ್ತೆಗೆ ಹಸಿರು ಕೊಟ್ಟು ತುಂಬಿದ ರಸ್ತೆಯನ್ನು ಕಾಯಿಸುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ಒಂದು ವೃತ್ತ ದಾಟಿದ ಗುಂಪಿಗೆ ಮುಂದಿನ ವೃತ್ತದಲ್ಲೂ ಹಸಿರು ಸಿಗುವಂತೆ ಜೋಡಿಸಬಹುದು, ಆಂಬುಲೆನ್ಸ್ ಬಂದಾಗ ಕೈಯಿಂದ ಬದಲಿಸಲೂಬಹುದು. ಆದರೆ ಮೇಂಟೆನೆನ್ಸ್ ಕೆಲಸ ಮಾಡಿದವನಾಗಿ ನನಗೆ ಮೊದಲು ಕಾಣುವುದು, ನೋಡಿಕೊಳ್ಳಬೇಕಾದ ಭಾಗಗಳು ಹೆಚ್ಚಾದವು ಎಂಬುದು. ಕ್ಯಾಮೆರಾದ ಗಾಜಿಗೆ ರಸ್ತೆಯ ಧೂಳು ಮೆತ್ತುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಹೊಂಗೆಯ ಕೊಂಬೆ ಅದರ ಮುಂದೆ ಚಾಚುತ್ತದೆ. ಕೊಂಬೆ ಕಡಿಯುವವರು ಒಬ್ಬರು, ಗಾಜು ಒರೆಸುವವರು ಇನ್ನೊಬ್ಬರು. ಕಣ್ಣು ಮಂಕಾದ ಕ್ಯಾಮೆರಾ ತಪ್ಪು ಎಣಿಸುತ್ತದೆ, ತಪ್ಪು ಎಣಿಕೆಯ ಮೇಲೆ ಸಿಗ್ನಲ್ ತಪ್ಪು ನಿರ್ಧಾರ ಮಾಡುತ್ತದೆ. ದೀಪ ಆರಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಹೀಗೆ ತಪ್ಪು ಎಣಿಸುತ್ತ ಉರಿಯುವ ದೀಪ ಕೆಟ್ಟಿದೆಯೆಂದು ತಿಂಗಳು ಕಳೆದರೂ ಯಾರ ಗಮನಕ್ಕೂ ಬಾರದೆ ಹೋಗಬಹುದು. ವ್ಯವಸ್ಥೆ ಎಷ್ಟು ಜಾಣವಾದರೂ ತಿರುಪು ಸಡಿಲವಾಗುವುದು ಸಡಿಲವಾಗುತ್ತದೆ, ಅದನ್ನು ಬಿಗಿಯುವವನ ಹೆಸರು ಇರಲೇಬೇಕು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಒಂಬತ್ತನೆಯ ದಿನ ಬೇರೊಂದು ಬಡಾವಣೆಯಲ್ಲಿ, ಸಿಗ್ನಲ್ ಸರಿಯಾಗಿಯೇ ಕೆಲಸ ಮಾಡುತ್ತಿದ್ದ ವೃತ್ತದಲ್ಲಿ, ನಾನು ಕೆಂಪು ದೀಪ ದಾಟಿಬಿಟ್ಟೆ. ಅವಸರವೂ ಇರಲಿಲ್ಲ, ಉದ್ದೇಶವೂ ಇರಲಿಲ್ಲ. ದಿನವೂ ನಮ್ಮ ವೃತ್ತದಲ್ಲಿ ಮಾಡುತ್ತಿದ್ದಂತೆ ಎಡಕ್ಕೆ ಬಲಕ್ಕೆ ನೋಡಿ, ಸಂದಿ ಕಂಡೊಡನೆ ಸ್ಕೂಟರ್ ಮುಂದೆ ಬಿಟ್ಟೆ. ತಲೆ ಎತ್ತಿ ದೀಪ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ಸೈಕಲ್ ಮೇಲೆ ಬರುತ್ತಿದ್ದ ಶಾಲೆಯ ಹುಡುಗಿಯೊಬ್ಬಳು ಗಕ್ಕನೆ ಕಾಲು ಊರಿ ನಿಂತು ನನ್ನ ಮುಖ ನೋಡಿದಳು. ಬೈಯಲಿಲ್ಲ. ಆ ನೋಟಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. 40 ವರ್ಷದಿಂದ ಗಾಡಿ ಓಡಿಸುತ್ತಿರುವ, ಮಕ್ಕಳಿಗೆ ಶಿಸ್ತು ಕಲಿಸಿದೆನೆಂದು ತಿಳಿದಿದ್ದ ನನ್ನನ್ನೇ ಒಂದು ಆರಿದ ದೀಪ 9 ದಿನಗಳಲ್ಲಿ ಹೀಗೆ ಮಾಡಿತೆಂದರೆ, ಈಗಷ್ಟೇ ಲೈಸೆನ್ಸ್ ಪಡೆದ ಹುಡುಗರು ಅದರಿಂದ ಏನು ಕಲಿಯುತ್ತಾರೆ ಎಂದು ಯೋಚಿಸಿ ನನಗೆ ಭಯವಾಗುತ್ತದೆ.

ನನಗೆ ದಂಡದ ನೋಟಿಸ್ ಬಂದರೆ ಕಟ್ಟುತ್ತೇನೆ, ತಪ್ಪು ನನ್ನದು. 2022ರ ಡಿಸೆಂಬರ್‌ನಲ್ಲಿ ನಗರದ 50 ವೃತ್ತಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳೂ ಕೆಂಪು ದೀಪ ದಾಟಿದವರನ್ನು ಹಿಡಿಯುವ 80 ಕ್ಯಾಮೆರಾಗಳೂ ಬಂದವು, ಆ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ನನ್ನ ಸ್ಕೂಟರಿನ ಮೇಲೆ ನಂಬರ್ ಇದೆ, ಆ ನಂಬರಿನ ಹಿಂದೆ ನನ್ನ ಹೆಸರು, ವಿಳಾಸ, ಹೊಣೆ ಎಲ್ಲವೂ ಇವೆ. ಕಂಬದ ಮೇಲೆಯೂ ಅದೇ ರೀತಿ ಒಂದು ನಂಬರ್ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಸಿಬ್ಬಂದಿ ಕಡಿಮೆ, ಹಣ ಕಡಿಮೆ ಎಂಬ ಉತ್ತರ ಬರುತ್ತದೆಂದು ಗೊತ್ತು. ಕಾರ್ಖಾನೆಯಲ್ಲೂ ಅದೇ ಉತ್ತರ ಕೇಳಿಕೊಂಡೇ ನಾವು ಕೆಲಸ ಮಾಡಿದ್ದೇವೆ. ಒಂದು ಅಂಗೈ ಉದ್ದದ ತಗಡಿನ ಮೇಲೆ ಕಂಬದ ಸಂಖ್ಯೆ, ಹೊಣೆ ಹೊತ್ತ ಕಚೇರಿಯ ಹೆಸರು, ಗುತ್ತಿಗೆದಾರರ ಫೋನ್, ಕೊನೆಯ ತಪಾಸಣೆಯ ದಿನಾಂಕ, ಇಷ್ಟನ್ನು ಬರೆಸಲು ದೊಡ್ಡ ಹಣ ಬೇಡ. ಮಳೆಗಾಲ ಶುರುವಾಗುವ ಮುನ್ನ ಪ್ರತಿ ಪೆಟ್ಟಿಗೆಯನ್ನೂ ಒಮ್ಮೆ ತೆರೆದು, ರಬ್ಬರ್ ಬದಲಿಸಿ, ತೂತು ಮುಚ್ಚಿ, ತಿರುಪುಗಳನ್ನು ಬಿಗಿಯಲು ಒಬ್ಬ ಹುಡುಗ, ಒಂದು ಏಣಿ, ಅರ್ಧ ಗಂಟೆ ಸಾಕು. ಹಾಗೆಯೇ ಗುತ್ತಿಗೆಯಲ್ಲಿ ದೀಪ ಎಷ್ಟು ಗಂಟೆಯೊಳಗೆ ಹೊತ್ತಬೇಕೆಂದು ಬರೆದು, ಹೊತ್ತದಿದ್ದರೆ ಹಣ ಕಡಿತ ಮಾಡಿ, ಆ ಕಡಿತದ ಲೆಕ್ಕವನ್ನು ಜನರಿಗೆ ಕಾಣುವಂತೆ ಹಾಕಬೇಕು. ಕೆಟ್ಟ ಮೇಲೆ ಓಡುವುದಕ್ಕಿಂತ ಕೆಡುವ ಮುನ್ನ ನೋಡುವುದು ಅಗ್ಗವೆಂದು ಯಾವ ಶಿಫ್ಟಿನ ಯಾವ ಫಿಟ್ಟರನ್ನು ಕೇಳಿದರೂ ಹೇಳುತ್ತಾನೆ.

ಹುಡುಗ ಸಾಮಾನು ಕಟ್ಟಿಕೊಳ್ಳುವಾಗ ನಾನು ಮನೆಯಿಂದ ಒಂದು ತುಂಡು ರಬ್ಬರ್ ಪಟ್ಟಿ ಮತ್ತು ಎಂ-ಸೀಲ್ ತಂದುಕೊಟ್ಟೆ. ಇಬ್ಬರೂ ಸೇರಿ ತಳದ ತೂತು ಮುಚ್ಚಿದೆವು. ಬಾಗಿಲಿನ ಒಳಗೆ ಇಂದಿನ ದಿನಾಂಕ ಬರೆಯಪ್ಪ ಎಂದೆ. ಜೇಬಿನಿಂದ ಮಾರ್ಕರ್ ತೆಗೆದು ದಿನಾಂಕ, ಫ್ಯೂಸ್ ಬದಲು, ಟರ್ಮಿನಲ್ ಬಿಗಿ ಎಂದು ಬರೆದು, ಸ್ವಲ್ಪ ಯೋಚಿಸಿ ಕೆಳಗೆ ತನ್ನ ಸಹಿಯನ್ನೂ ಹಾಕಿದ.

ಕಂಬಕ್ಕೆ ತಗಡು ಹಾಕಿಸಬೇಕೆಂಬ ಅರ್ಜಿ ಬರೆದಿಟ್ಟಿದ್ದೇನೆ. ನಾನು ಫೋನ್ ಮಾಡಿದ್ದ ಎಲ್ಲ ಕಚೇರಿಗಳಿಗೂ ಒಂದೊಂದು ಪ್ರತಿ. ಬಡಾವಣೆಯವರು ಭಾನುವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ಹಾಲಿನ ಬೂತಿನ ಹತ್ತಿರ ಬಂದು ಸಹಿ ಮಾಡಿ. ಹೂವಿನ ಅಮ್ಮ ಮೊದಲ ಸಹಿ ತನ್ನದೇ ಎಂದಿದ್ದಾರೆ.